ಇಪ್ಪತ್ತೊಂದನೆಯ ಗುಂಡಿ

ಹದಿನೇಳು. ಆದರೆ ಕೆಳಗಿನ ಮೊದಲ ಮೆಟ್ಟಿಲಿಗೆ ಒಂದು ಅಂದೆನೋ, ಸೊನ್ನೆ ಅಂದೆನೋ? ಇರುವುದು ಹದಿನೆಂಟು ಮೆಟ್ಟಿಲು. ಒಂದರಿಂದ ಶುರು ಮಾಡಿದ್ದರೆ ಇನ್ನೊಂದು ಬಾಕಿ ಇದೆ. ಸೊನ್ನೆಯಿಂದ ಶುರು ಮಾಡಿದ್ದರೆ ಇದೇ ಕೊನೆಯದು, ಈಗ ಎತ್ತಿದ ಕಾಲು ಗಾಳಿಗೆ.

ಬೆಳಗಿನ ಐದೂಮುಕ್ಕಾಲು. ಬ್ಯಾಟರಿ ಅಂಗಡಿಯ ಪಕ್ಕದಲ್ಲಿ ಮಹಡಿಗೆ ಹೋಗುವ ಕಡಿದಾದ ಮೆಟ್ಟಿಲಿನ ಮೇಲೆ ಐವತ್ತೆಂಟು ವರ್ಷದ ಮನುಷ್ಯರೊಬ್ಬರು ಒಂದು ಕಾಲು ಎತ್ತಿ ನಿಂತಿದ್ದಾರೆ. ಬಲಗೈಯಲ್ಲಿ ಪೊರಕೆ, ಕಂಕುಳಲ್ಲಿ ಎರಡು ಬಿಸ್ಕತ್ತಿನ ಡಬ್ಬ, ಎಡಗೈ ಗೋಡೆಯ ಮೇಲೆ. ಕಾಲು ಮೆಲ್ಲಗೆ ಮುಂದಕ್ಕೆ ಹೋಗುತ್ತದೆ, ಸಿಮೆಂಟಿಗೆ ತಾಗುತ್ತದೆ. ಇನ್ನೊಂದು ಮೆಟ್ಟಿಲು ಇತ್ತು. ಅವರು ಉಸಿರು ಬಿಡುತ್ತಾರೆ.

"ಇದು ಪ್ರೋಗ್ರಾಮರ್‌ಗಳಿಗೆ ಮಾತ್ರ ಬರೋ ಕಾಯಿಲೆ" ಎಂದು ಆಮೇಲೆ ನಗುತ್ತ ಹೇಳುತ್ತಾರೆ. "ಹಳೇ ಕಂಪ್ಯೂಟರ್ ಭಾಷೆಯೋರು ನಾವು ಒಂದರಿಂದ ಎಣಿಸ್ತೀವಿ. ಹೊಸ ಭಾಷೆಯೋರು ಸೊನ್ನೆಯಿಂದ. ಇವರ ಸಹವಾಸದಲ್ಲಿ ನನಗೂ ಅಂಟಿಕೊಂಡಿದೆ. ಸಾಲದ್ದಕ್ಕೆ ಈ ಬಲ್ಬು ನೋಡಿ, ಇದ್ದೂ ಇಲ್ಲದ ಹಾಗೆ."

ಬಲ್ಬು ಚೆನ್ನಾಗಿಯೇ ಉರಿಯುತ್ತಿದೆ. ಅದರ ಕೆಳಗೆ ಅಂಟಿಸಿದ ಹಳೆಯ ಟೈಪಿಂಗ್ ಶಾಲೆಯ ಪ್ರಕಟಣೆಯ ಚಿಕ್ಕ ಅಕ್ಷರಗಳೂ ಓದಲು ಬರುತ್ತವೆ. ಅದನ್ನು ಆಗ ಹೇಳಬೇಕು ಅನಿಸಲಿಲ್ಲ.

ಇವರನ್ನು ಎಲ್ಲರೂ ಚುಕ್ಕಿ ಸಾರ್ ಅನ್ನುತ್ತಾರೆ. ಊರಿನ ಪ್ರೋಗ್ರಾಮರ್‌ಗಳ ಒಂದು ಕೂಟವನ್ನು ಹತ್ತೊಂಬತ್ತು ವರ್ಷಗಳಿಂದ ಇವರು ನಡೆಸುತ್ತಿದ್ದಾರೆ. ನಡೆಸುವುದು ಅಂದರೆ ಭಾಷಣ ಮಾಡುವುದಲ್ಲ. ತಿಂಗಳಿಗೆ ಎರಡು ಶನಿವಾರ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಬೀಗ ತೆಗೆಯುವುದು, ಕಸ ಗುಡಿಸುವುದು, ಇಪ್ಪತ್ನಾಲ್ಕು ಮಡಚುವ ಕುರ್ಚಿಗಳನ್ನು ಬಿಡಿಸುವುದು, ವೈರು ಎಳೆಯುವುದು, ಬಿಳಿ ಬೋರ್ಡಿನ ಮೇಲೆ ಕಳೆದ ಸಲ ಯಾರೋ ಬರೆದು ಹೋದದ್ದನ್ನು ಒದ್ದೆ ಬಟ್ಟೆಯಿಂದ ಒರೆಸುವುದು. ಏಳು ಗಂಟೆಗೆ ಜನ ಬರುತ್ತಾರೆ, ಒಂಬತ್ತಕ್ಕೆ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹತ್ತಕ್ಕೆ ಮಕ್ಕಳ ಟ್ಯೂಷನ್ನಿನವರು ಬರುವುದರೊಳಗೆ ಕುರ್ಚಿಗಳೆಲ್ಲ ಮತ್ತೆ ಗೋಡೆಗೆ ಒರಗಿರಬೇಕು. ಕಟ್ಟಡದ ಯಜಮಾನ ಜಾಗ ಬಿಟ್ಟುಕೊಟ್ಟಿರುವುದು ಆ ಕರಾರಿನ ಮೇಲೆ.

ಇಲ್ಲಿಯವರೆಗೆ ನಾನೂರ ಐವತ್ತಕ್ಕೂ ಹೆಚ್ಚು ಶನಿವಾರಗಳು. ತಪ್ಪಿಸಿದ್ದು ಮೂರು. ಎರಡು ತಂದೆ ತೀರಿಕೊಂಡಾಗ, ಒಂದು ತಮಗೇ ಜ್ವರ ಬಂದಾಗ. "ಆ ಜ್ವರದ ದಿನ ಬೀಗದ ಕೈ ನನ್ನ ಹತ್ರವೇ ಉಳಿದುಹೋಗಿತ್ತು. ಇಪ್ಪತ್ತೇಳು ಜನ ಮೆಟ್ಟಿಲ ಮೇಲೆ ಕೂತು ಪಾಠ ಮುಗಿಸಿದ್ರಂತೆ. ಅದು ನೆನೆಸ್ಕೊಂಡ್ರೆ ಈಗ್ಲೂ ಒಂಥರಾ ಆಗುತ್ತೆ" ಅನ್ನುತ್ತಾರೆ.

ಹೊಟ್ಟೆಪಾಡಿನ ಕೆಲಸ ಬೇರೆ. ಒಂದು ದೊಡ್ಡ ಆಸ್ಪತ್ರೆಯ ರಕ್ತನಿಧಿಯಲ್ಲಿ ಅವರು ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಯಾವ ಚೀಲದಲ್ಲಿ ಯಾವ ಗುಂಪಿನ ರಕ್ತವಿದೆ, ಯಾವತ್ತು ಬಂತು, ಯಾವತ್ತಿಗೆ ಅವಧಿ ಮುಗಿಯುತ್ತದೆ, ಯಾವುದು ಯಾವ ವಾರ್ಡಿಗೆ ಹೋಗಬೇಕು ಅನ್ನುವುದನ್ನೆಲ್ಲ ಒಂದು ಹಳೆಯ ಪ್ರೋಗ್ರಾಮ್ ಹೇಳುತ್ತದೆ. ನಲವತ್ತೊಂದು ಸಾವಿರ ಸಾಲು. ಅದರಲ್ಲಿ ಮುಕ್ಕಾಲು ಪಾಲು ಅವರ ಕೈಬರಹ. ದಿನ ಬೆಳಗಾದರೆ ಆರು ಗಂಟೆಗೆ ಅದು ಒಂದು ಪಟ್ಟಿ ಅಚ್ಚು ಹಾಕುತ್ತದೆ: ಇವತ್ತು ಮತ್ತು ನಾಳೆ ಅವಧಿ ಮುಗಿಯುವ ಚೀಲಗಳು. ಆ ಹಾಳೆ ಹಿಡಿದುಕೊಂಡೇ ಅಲ್ಲಿನ ದಿನ ಶುರುವಾಗುತ್ತದೆ. ಸುಮಾರು ನೂರ ನಲವತ್ತು ಚೀಲಗಳು ಪ್ರತಿದಿನ ಆ ಪ್ರೋಗ್ರಾಮಿನ ಬಾಗಿಲು ದಾಟುತ್ತವೆ.

"ಸಾರ್ ರಜಾ ಹಾಕಿದ್ರೆ ನಮಗೆ ಜ್ವರ ಬರುತ್ತೆ" ಅನ್ನುತ್ತಾರೆ ಅಲ್ಲಿನ ಹಿರಿಯ ಟೆಕ್ನಿಷಿಯನ್ ಒಬ್ಬರು. "ಹೊಸ ಸಾಫ್ಟ್‌ವೇರ್ ಬರುತ್ತೆ ಬರುತ್ತೆ ಅಂತ ಎಂಟು ವರ್ಷದಿಂದ ಹೇಳ್ತಾ ಇದಾರೆ. ಬರೋದು ಇರಲಿ, ಅದರ ನೆರಳೂ ಕಂಡಿಲ್ಲ."

ಆ ಪ್ರೋಗ್ರಾಮ್ ಇರುವ ಭಾಷೆಯನ್ನು ಈಗ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಉದ್ದುದ್ದ ವಾಕ್ಯಗಳ ಭಾಷೆ ಅದು. ಪ್ರತಿ ವಾಕ್ಯ ಮುಗಿದಾಗ ಒಂದು ಚುಕ್ಕಿ ಇಡಬೇಕು. ಇಡದಿದ್ದರೆ ಮುಂದಿನ ವಾಕ್ಯ ಹಿಂದಿನದಕ್ಕೆ ಅಂಟಿಕೊಳ್ಳುತ್ತದೆ; ಯಾವಾಗಲೂ ಆಗಬೇಕಾದ ಕೆಲಸ ಯಾವಾಗಲೋ ಒಮ್ಮೆ ಮಾತ್ರ ಆಗುತ್ತದೆ. ಯಂತ್ರ ತಕರಾರು ಮಾಡುವುದಿಲ್ಲ, ಸುಮ್ಮನೆ ತಪ್ಪು ಮಾಡುತ್ತದೆ. ಹೀಗಾಗಿ ಕೂಟಕ್ಕೆ ಹೊಸಬರು ಬಂದಾಗೆಲ್ಲ ಇವರ ಮೊದಲ ಪ್ರಶ್ನೆ ಒಂದೇ ಆಗಿರುತ್ತಿತ್ತು: "ಚುಕ್ಕಿ ಇಟ್ರಾ?" ಹೆಸರು ಹಾಗೆ ಬಂತು.

ಏಳು ವರ್ಷದ ಹಿಂದೆ, ಇವರು ತರಬೇತಿಗೆಂದು ಹೋಗಿದ್ದ ವಾರದಲ್ಲಿ, ಹೊರಗಿನಿಂದ ಬಂದ ಯಾರೋ ಒಬ್ಬರು ಪ್ರೋಗ್ರಾಮಿನಲ್ಲಿ ಚಿಕ್ಕದೊಂದು ಬದಲಾವಣೆ ಮಾಡಿದರು. ಬೆಳಗಿನ ಪಟ್ಟಿ ಅಚ್ಚಾಗುತ್ತಲೇ ಇತ್ತು, ಆದರೆ ಒಂದು ಗುಂಪಿನ ಚೀಲಗಳು ಅದರಲ್ಲಿ ಇರಲೇ ಇಲ್ಲ. ಗೊತ್ತಾಗುವ ಹೊತ್ತಿಗೆ ಮೂವತ್ತೊಂದು ಚೀಲಗಳ ಅವಧಿ ಮುಗಿದಿತ್ತು. ಚುಕ್ಕಿ ಸಾರ್ ವಾಪಸು ಬಂದವರೇ ಕೂತು ಹುಡುಕಿದರು. ಒಂದು ಚುಕ್ಕಿ ಅಳಿಸಿಹೋಗಿತ್ತು.

"ಮೂವತ್ತೊಂದು ಜನ ಕೈ ಚಾಚಿ ಕೊಟ್ಟಿದ್ದು ಅದು" ಅನ್ನುತ್ತಾರೆ. ಬಿಸ್ಕತ್ತಿನ ಡಬ್ಬಗಳ ಮುಚ್ಚಳವನ್ನು ಒರೆಸತೊಡಗುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಪತ್ರಿಕೆಗೆ ಬರೆಯಲೆಂದು ನಾನು ಹೋಗಿದ್ದು ವರ್ಷಕ್ಕೊಮ್ಮೆ ಬರುವ ಆಯ್ಕೆಯ ಶನಿವಾರ. ಮುಂದಿನ ಹನ್ನೆರಡು ತಿಂಗಳು ಕೂಟ ಯಾವ ವಿಷಯ ಕಲಿಯಬೇಕು ಅನ್ನುವುದು ಆವತ್ತು ತೀರ್ಮಾನವಾಗುತ್ತದೆ. ಇದಕ್ಕೆ ಇವರದೇ ಒಂದು ಪದ್ಧತಿ ಇದೆ. ಚುಕ್ಕಿ ಸಾರ್ ಅವರ ಹೆಂಡತಿ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. ಅವರ ಹತ್ತಿರ ಉಳಿದ ಗುಂಡಿಗಳ ಒಂದು ಪೆಟ್ಟಿಗೆ ಇದೆ. ಅಂಗಿಯವು, ರವಿಕೆಯವು, ಕೋಟಿನವು, ಒಂದರಂತೆ ಇನ್ನೊಂದಿಲ್ಲ. ಬಂದವರಿಗೆಲ್ಲ ತಲೆಗೊಂದು ಗುಂಡಿ. ಮುಚ್ಚಳದಲ್ಲಿ ಸೀಳು ಮಾಡಿದ ಡಬ್ಬಗಳಿಗೆ ವಿಷಯದ ಹೆಸರು ಬರೆದ ಚೀಟಿ ಅಂಟಿಸಿರುತ್ತದೆ. ತಮಗೆ ಬೇಕಾದ ಡಬ್ಬಕ್ಕೆ ಗುಂಡಿ ಹಾಕಬೇಕು. ಯಾರು ಯಾವುದಕ್ಕೆ ಹಾಕಿದರು ಅಂತ ಕೇಳುವ ಹಾಗಿಲ್ಲ. ಕೂಟ ನಡೆಸುವವರು ಮಾತ್ರ ಗುಂಡಿ ಹಾಕುವುದಿಲ್ಲ; ಅದು ಚುಕ್ಕಿ ಸಾರ್ ತಮಗೆ ತಾವೇ ಹಾಕಿಕೊಂಡ ಕಟ್ಟು.

ಎಣಿಸುವುದು ಅವರ ಹೆಂಡತಿ. ಅದಕ್ಕೂ ಒಂದು ಕಥೆ ಇದೆ, ಅದನ್ನು ಹೇಳುವ ಹಕ್ಕು ಗೊಣಗಣ್ಣನದು. ಲಿಫ್ಟ್ ಕಂಪನಿಯೊಂದರಲ್ಲಿ ಪ್ರೋಗ್ರಾಮ್ ಬರೆಯುವ ಈ ಮನುಷ್ಯ ಕೂಟದ ಮೊದಲ ದಿನದಿಂದ ಬರುತ್ತಿದ್ದಾರೆ, ಮೊದಲ ದಿನದಿಂದ ಗೊಣಗುತ್ತಿದ್ದಾರೆ.

"ಮೂರನೇ ವರ್ಷ. ಇಪ್ಪತ್ತೆಂಟು ಜನ ಇದ್ವಿ. ಒಂದು ಡಬ್ಬ ನಾನು ಎಣಿಸಿದೆ, ಇನ್ನೊಂದು ಇವರು. ನಾನು ಹದಿಮೂರು ಅಂದೆ, ಇವರು ಹದಿನಾಲ್ಕು ಅಂದ್ರು. ಸರಿ, ಇವರ ಡಬ್ಬ ಗೆದ್ದಿತು. ನಾಲ್ಕು ತಿಂಗಳು ಪಾಠ ಆದ ಮೇಲೆ ಯಾರೋ ಪುಣ್ಯಾತ್ಮ ಕೇಳಿದ, ಹದಿಮೂರು ಹದಿನಾಲ್ಕು ಕೂಡಿದ್ರೆ ಇಪ್ಪತ್ತೇಳಲ್ವಾ, ಇನ್ನೊಂದು ಗುಂಡಿ ಯಾರು ನುಂಗಿದ್ರು ಅಂತ. ನೋಡಿದ್ರೆ ನಾನು ಸೊನ್ನೆ, ಒಂದು, ಎರಡು ಅಂತ ಎಣಿಸಿದೀನಿ! ಸಮ ಸಮ ಆಗಿತ್ತು ರೀ ಅದು. ಪ್ರೋಗ್ರಾಮರ್‌ಗಳ ಕೂಟ, ಗುಂಡಿ ಎಣಿಸೋಕೆ ಬರಲ್ಲ!"

"ಅವತ್ತಿಂದ ನನ್ನ ಕರ್ಕೊಂಡು ಬರ್ತಾರೆ" ಅನ್ನುತ್ತಾರೆ ಚುಕ್ಕಿ ಸಾರ್ ಹೆಂಡತಿ. ಕೂಟದವರಿಗೆಲ್ಲ ಅವರು ಅಕ್ಕ. "ಗುಂಡಿ ಹೊಲಿಯೋರು ಸೊನ್ನೆಯಿಂದ ಎಣಿಸಿದ್ರೆ ಅಂಗಿ ಯಾರಿಗೆ ಆಗುತ್ತಪ್ಪ?"

ಈ ಸಲ ಡಬ್ಬ ಎರಡೇ. ಒಂದರ ಮೇಲೆ 'ಹಳೆಯದು', ಇನ್ನೊಂದರ ಮೇಲೆ 'ಹೊಸದು'. ಹಳೆಯದು ಅಂದರೆ ರಕ್ತನಿಧಿಯ ಆ ಭಾಷೆ. ಹೊಸದು ಅಂದರೆ ಯಂತ್ರದಿಂದಲೇ ಪ್ರೋಗ್ರಾಮ್ ಬರೆಸಿ, ಅದು ಬರೆದದ್ದನ್ನು ಪರೀಕ್ಷಿಸಿ ತಿದ್ದುವ ವಿದ್ಯೆ.

ಕೂಟ ಶುರುವಾದಾಗ ಅದು ಹಳೆಯ ಭಾಷೆಯವರದೇ ಆಗಿತ್ತು. ಬರಬರುತ್ತ ವಿಷಯಗಳು ಬದಲಾದವು, ಜನ ಬದಲಾದರು. ಆ ಭಾಷೆಯನ್ನು ಕೂಟ ಕಡೆಯ ಸಲ ಕಲಿತದ್ದು ಹನ್ನೊಂದು ವರ್ಷದ ಹಿಂದೆ. ಆಗ ಕಲಿತವರಲ್ಲಿ ಒಬ್ಬರು ತೀರಿಕೊಂಡರು, ಇಬ್ಬರು ಬೇರೆ ಕಸುಬಿಗೆ ಹೋದರು, ಉಳಿದವರು ಮರೆತರು. ಹಾಗೆ ನೋಡಿದರೆ ಆ ನಲವತ್ತೊಂದು ಸಾವಿರ ಸಾಲುಗಳನ್ನು ಓದಿ ಅರ್ಥ ಮಾಡಿಕೊಳ್ಳುವವರು ಈ ಊರಿನಲ್ಲಿ ಈಗ ಒಬ್ಬರೇ. ಅವರ ನಿವೃತ್ತಿಗೆ ಎರಡು ವರ್ಷ ಉಳಿದಿದೆ. ಕೂಟ ಈ ವರ್ಷ ಅದನ್ನು ಆರಿಸಿದರೆ ಹತ್ತು ಜನ ಕಲಿಯುತ್ತಾರೆ. ಹತ್ತರಲ್ಲಿ ಒಬ್ಬರು ನಿಂತರೂ ಸಾಕು ಅನ್ನುವುದು ಅವರ ಲೆಕ್ಕಾಚಾರ.

ಒಬ್ಬಿಬ್ಬರನ್ನು ಖಾಸಗಿಯಾಗಿ ಕೇಳಿಕೊಳ್ಳಬಹುದಲ್ಲ ಎಂದು ಕೇಳಿದೆ.

"ಕೇಳಿದ್ರೆ ಬರ್ತಾರೆ. ಪಾಪ ಅಂತ ಎರಡು ವಾರ ಬರ್ತಾರೆ. ಪಾಪ ಅಂತ ಕಲಿತದ್ದು ಕೈ ಹಿಡಿಯಲ್ಲ. ತಾವಾಗೇ ಬೇಕು ಅನ್ನಬೇಕು. ಅದಕ್ಕೇ ಅಲ್ವಾ ಈ ಡಬ್ಬ ಇಟ್ಟಿರೋದು?"

ಹೊಸದರ ಪರವಾಗಿ ನಿಂತವಳು ಇಪ್ಪತ್ತಾರರ ಒಬ್ಬ ಹುಡುಗಿ. ಬಸ್ಸುಗಳ ಟಿಕೆಟ್ ಕಾಯ್ದಿರಿಸುವ ಕಂಪನಿಯಲ್ಲಿ ಕೆಲಸ, ಕೂಟದಲ್ಲಿ ಹೆಸರು ಟಿಕೆಟ್. ಅವಳಿಗೂ ಇದು ಹಟದ ವಿಷಯವಲ್ಲ. "ನಮ್ಮ ಸಾಲಿನಲ್ಲಿ ಹತ್ತು ಜನ ಕೂರ್ತಿದ್ವಿ. ಈಗ ಆರು. ಉಳಿದ ನಾಲ್ಕು ಜನರ ಕೆಲಸ ಯಂತ್ರ ಮಾಡುತ್ತಂತೆ. ಅದನ್ನ ಪಳಗಿಸೋಕೆ ಬರೋರು ಉಳ್ಕೊಳ್ತಾರೆ, ಇಲ್ಲದೋರು ಹೋಗ್ತಾರೆ. ಮನೇಲಿ ಅಮ್ಮ, ತಮ್ಮ ಇದಾರೆ. ನಾನು ಯಾವ ಕಡೆ ಇರ್ಬೇಕು ಹೇಳಿ?" ಎಂದು ಅವಳು ಕೇಳಿದಳು.

ಆ ಬೆಳಗ್ಗೆ ಚುಕ್ಕಿ ಸಾರ್ ಮೇಜನ್ನು ಬೋರ್ಡಿನ ಮುಂದೆ ಎಳೆದು, ಅದರ ಡ್ರಾಯರು ಗೋಡೆಯ ಕಡೆ ಬರುವಂತೆ ಇಟ್ಟರು. ಟೈಪಿಂಗ್ ಶಾಲೆಯ ಕಾಲದ ಭಾರವಾದ ಮೇಜು. ಹಳೆಯದರ ಡಬ್ಬ ಕಿಟಕಿಯ ಬದಿಗೆ, ಹೊಸದರದ್ದು ಬಾಗಿಲ ಬದಿಗೆ. ಇಟ್ಟು, ಎರಡರ ಮೇಲೂ ಒಮ್ಮೊಮ್ಮೆ ಕೈಯಾಡಿಸಿ, ಹೆಂಡತಿಯನ್ನು ಮೆಟ್ಟಿಲು ಹತ್ತಿಸಿಕೊಂಡು ಬರಲು ಕೆಳಗೆ ಹೋದರು.

ಅಷ್ಟರಲ್ಲಿ ಜನ ಬರತೊಡಗಿದರು. ವೈರು ಕಾಲಿಗೆ ಸಿಕ್ಕುತ್ತಿತ್ತು. "ಇದನ್ನ ಹೀಗೆ ಇಟ್ರೆ ಯಾರಾದ್ರೂ ಮುಗ್ಗರಿಸೋದು ಗ್ಯಾರಂಟಿ" ಎಂದು ಗೊಣಗಣ್ಣ ಮೇಜಿನ ಒಂದು ತುದಿ ಹಿಡಿದರು, ಟಿಕೆಟ್ ಇನ್ನೊಂದು ತುದಿ. ಅಡ್ಡವಿದ್ದ ಕಬ್ಬಿಣದ ಕಂಬ ತಪ್ಪಿಸಲು ಮೇಜನ್ನು ಅನಾಮತ್ತು ಅರ್ಧ ಸುತ್ತು ತಿರುಗಿಸಿ ಇಟ್ಟರು. ಡ್ರಾಯರು ಈ ಕಡೆ ಬಂತು. ಮೇಜಿನ ಜೊತೆ ಡಬ್ಬಗಳೂ ತಿರುಗಿದವು: ಹಳೆಯದು ಈಗ ಬಾಗಿಲ ಬದಿಗೆ, ಹೊಸದು ಕಿಟಕಿಯ ಬದಿಗೆ. ಚೀಟಿಗಳು ಎದುರಿಗೆ ಕಾಣುವಂತೆ ಟಿಕೆಟ್ ಎರಡನ್ನೂ ಮುಖ ತಿರುಗಿಸಿಟ್ಟಳು. ಅಕ್ಷರಗಳು ಬೆರಳುದ್ದ ಇದ್ದವು. ಇದರಲ್ಲಿ ಯಾರಿಗಾದರೂ ಹೇಳಬೇಕಾದದ್ದೇನೂ ಇರಲಿಲ್ಲ.

ಒಬ್ಬೊಬ್ಬರಿಗೆ ಎರಡೆರಡು ನಿಮಿಷ ಮಾತು. ಗೊಣಗಣ್ಣ ಕೈಗಡಿಯಾರ ಬಿಚ್ಚಿ ಹಿಡಿದುಕೊಂಡರು.

ಚುಕ್ಕಿ ಸಾರ್ ಮೊದಲು ಎದ್ದರು. "ನನ್ನ ಭಾಷೆ ಚೆಂದ ಅಂತ ನಾನೇನೂ ಹೇಳಲ್ಲ. ಉದ್ದುದ್ದ ಬರೀಬೇಕು, ಕೈ ಸೋಲುತ್ತೆ. ಯಾರೂ ಕರೆದು ಕೆಲಸ ಕೊಡಲ್ಲ. ಆದ್ರೆ ಒಂದು ಕಡೆ ಅದು ಇನ್ನೂ ಓಡ್ತಾ ಇದೆ. ಓಡ್ತಾ ಇರೋದನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕು. ಒಬ್ಬರು ಸಾಕು. ಇಬ್ಬರಾದ್ರೆ ಒಬ್ಬರಿಗೆ ರಜಾ ಸಿಗುತ್ತೆ."

ಒಂದಿಬ್ಬರು ನಕ್ಕರು. ಅವರು ಇನ್ನೂ ನಿಂತೇ ಇದ್ದರು.

"ಇನ್ನೂ ಒಂದು ನಿಮಿಷ ಇದೆ ಸಾರ್" ಎಂದರು ಗೊಣಗಣ್ಣ.

"ಇರಲಿ. ಅವಳಿಗೆ ಕೊಡಿ."

ಟಿಕೆಟ್ ಆ ನಿಮಿಷವನ್ನು ಚೆನ್ನಾಗಿ ಬಳಸಿಕೊಂಡಳು. ಖಾಲಿಯಾದ ನಾಲ್ಕು ಕುರ್ಚಿಗಳ ವಿಷಯ ಹೇಳಿದಳು. ಕೊನೆಗೆ ಚುಕ್ಕಿ ಸಾರ್ ಕಡೆ ತಿರುಗಿ, "ಸಾರ್, ನೀವೇ ನನಗೆ ಮೊದಲ ಸಾಲು ಬರೆಯೋಕೆ ಕಲಿಸಿದ್ದು. ಬೇಜಾರು ಮಾಡ್ಕೋಬೇಡಿ" ಅಂದಳು.

"ಛೆ, ಬೇಜಾರು ಏನಮ್ಮ. ನಿನಗೆ ಬೇಕಾದ್ದು ನೀನು ಕೇಳದೆ ಇನ್ಯಾರು ಕೇಳ್ತಾರೆ?"

ಅಕ್ಕ ಗುಂಡಿ ಹಂಚಿದರು. ಇಪ್ಪತ್ತು ಜನ, ಇಪ್ಪತ್ತು ಗುಂಡಿ. ಸಾಲು ನಿಲ್ಲುವ ಹೊತ್ತಿಗೆ ಚುಕ್ಕಿ ಸಾರ್ ಗಂಟಲು ಸರಿಮಾಡಿಕೊಂಡರು. "ಈ ಸಲ ನಾನೂ ಒಂದು ಹಾಕ್ಲಾ?"

ಹತ್ತೊಂಬತ್ತು ವರ್ಷದಲ್ಲಿ ಕೇಳಿರದ ಮಾತು. ಆಮೇಲೆ ಚಪ್ಪಾಳೆ. "ಹಾಕಿ ಸಾರ್, ಹಾಕಿ! ಅಂತೂ ನಿಮಗೂ ಒಂದು ಮನಸ್ಸಿದೆ ಅಂತಾಯ್ತು" ಎಂದರು ಗೊಣಗಣ್ಣ. ಅಕ್ಕ ಪೆಟ್ಟಿಗೆಯ ತಳ ಕೆದಕಿ ಒಂದು ಕಪ್ಪು ಗುಂಡಿ ತೆಗೆದು ಗಂಡನ ಅಂಗೈಯಲ್ಲಿಟ್ಟರು.

ಎಲ್ಲರೂ ಹಾಕಿದ ಮೇಲೆ ಅವರು ಎದ್ದರು. ಕಿಟಕಿಯ ಬದಿಯ ಗೋಡೆಯನ್ನು ಬೆರಳಿನಿಂದ ಸವರುತ್ತ ನಡೆದರು, ಮೇಜು ಸಿಕ್ಕಿತು, ಆ ಕಡೆಯ ಡಬ್ಬದ ಮೇಲೆ ಎಡಗೈ ಇಟ್ಟರು. ಸೀಳನ್ನು ಹೆಬ್ಬೆರಳಿನಿಂದ ಹುಡುಕಿದರು. ಗುಂಡಿ ಒಳಗೆ ಬಿದ್ದ ಸದ್ದು ಕೇಳಿತು. ವಾಪಸು ಬಂದು ಕೂತಾಗ ಅವರ ಮುಖದಲ್ಲಿ ಇದ್ದದ್ದನ್ನು ನೆಮ್ಮದಿ ಅನ್ನಬಹುದು. ಆ ದಿನ ಅದೊಂದೇ ಸಲ ನಾನು ಅದನ್ನು ನೋಡಿದ್ದು.

ಅಕ್ಕ ಮೊದಲು ಹಳೆಯದರ ಡಬ್ಬವನ್ನು ಮಡಿಲಿಗೆ ಸುರಿದುಕೊಂಡರು. ಎರಡೆರಡಾಗಿ ಬೆರಳಿನಿಂದ ಜರುಗಿಸಿ ಎಣಿಸಿದರು. "ಹತ್ತು." ಎರಡನೆಯ ಡಬ್ಬ ಸುರಿದರು. ಎರಡು, ನಾಲ್ಕು, ಆರು. ಅಲ್ಲಿ ಅವರ ಬೆರಳು ನಿಂತಿತು. ತಲೆಯೆತ್ತಿ ಗಂಡನ ಕಡೆ ನೋಡಿದರು. ಮತ್ತೆ ತಲೆ ತಗ್ಗಿಸಿದರು.

"ಅಕ್ಕ, ಸೊನ್ನೆಯಿಂದ ಶುರು ಮಾಡಿದ್ರಾ ಹೇಗೆ?" ಎಂದು ಯಾರೋ ಛೇಡಿಸಿದರು. ಎಲ್ಲರೂ ನಕ್ಕರು.

"ಹನ್ನೊಂದು" ಎಂದರು ಅಕ್ಕ.

ಹನ್ನೊಂದು ಹತ್ತು. ಹೊಸದು ಗೆದ್ದಿತ್ತು. ಟಿಕೆಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಒಂದೇ ಒಂದು ಗುಂಡಿ ಸಾರ್, ಒಂದೇ ಒಂದು" ಎಂದು ಗೊಣಗಣ್ಣ ತಲೆ ಆಡಿಸಿದರು: "ನೀವು ಗುಂಡಿ ಹಾಕಿದ್ರೂ ಸಾಲಲಿಲ್ಲ ನೋಡಿ. ನಿಮ್ಮ ಹಣೆಬರಹ ಬರೆದೋನು ಚುಕ್ಕಿ ಇಡೋದು ಮರೆತಿದಾನೆ."

"ಹತ್ತು ಬಂತಲ್ಲ. ನಾನು ಆರು ಅಂದ್ಕೊಂಡಿದ್ದೆ" ಎಂದರು ಚುಕ್ಕಿ ಸಾರ್.

ಒಂಬತ್ತಕ್ಕೆ ಒಬ್ಬೊಬ್ಬರಾಗಿ ಹೊರಟರು. ಚುಕ್ಕಿ ಸಾರ್ ಕುರ್ಚಿ ಮಡಚಿದರು, ವೈರು ಸುತ್ತಿದರು. ಡಬ್ಬಗಳನ್ನು ತೆಗೆದುಕೊಳ್ಳಲು ಮೇಜಿನ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ಅವರ ಮಂಡಿಗೆ ಏನೋ ತಾಗಿತ್ತು. ಬಗ್ಗಿ ಕೈಯಿಂದ ಮುಟ್ಟಿ ನೋಡಿದರು. ಡ್ರಾಯರಿನ ಹಿಡಿ. ಆ ಹಿಡಿಯನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತರೋ. ಬ್ಯಾಗು ಹೆಗಲಿಗೇರಿಸುತ್ತಿದ್ದ ಟಿಕೆಟ್ ತಿರುಗಿ ನೋಡಿದಳು.

"ಏನಾಯ್ತು ಸಾರ್?"

"ಏನಿಲ್ಲಮ್ಮ. ಡ್ರಾಯರು ಈ ಕಡೆ ಬಂದಿದೆ."

"ಹೂಂ ಸಾರ್, ನಾವೇ ತಿರುಗಿಸಿದ್ವಿ. ವೈರು ಕಾಲಿಗೆ ಸಿಗ್ತಿತ್ತು."

"ಡಬ್ಬ?"

"ಅವೂ ಜೊತೆಗೇ ತಿರುಗಿದ್ವು. ಯಾಕೆ ಸಾರ್?"

"ಒಳ್ಳೇದಾಯ್ತು ಬಿಡು. ಯಾರೂ ಬೀಳಲಿಲ್ಲವಲ್ಲ." ಹಿಡಿಯಿಂದ ಕೈ ತೆಗೆದು, "ಮುಂದಿನ ಶನಿವಾರದ ಪಾಠ ನೀನೇ ತಾನೆ ಮಾಡೋದು? ಬೋರ್ಡಿನ ಮೇಲೆ ಬರೆದದ್ದನ್ನ ಬಾಯಲ್ಲೂ ಹೇಳಮ್ಮ. ಹಿಂದೆ ಕೂತೋರಿಗೆ ಅನುಕೂಲ" ಎಂದರು.

ವಾರದ ನಂತರ ಫೋಟೋ ತೆಗೆಯಲು ಅವರ ಮನೆಗೆ ಹೋದೆ. ಚುಕ್ಕಿ ಸಾರ್ ಆಸ್ಪತ್ರೆಯಿಂದ ಇನ್ನೂ ಬಂದಿರಲಿಲ್ಲ. ಅಕ್ಕ ಮೆಷಿನ್ನಿನ ಮುಂದೆ ಕೂತಿದ್ದರು. ಗೋಡೆಯ ಮೂಲೆಯಲ್ಲಿ ಅಚ್ಚು ಹಾಕಿದ ಹಾಳೆಗಳ ಕಟ್ಟು, ಮಂಡಿಯೆತ್ತರ. ಮೇಲಿನ ಹಾಳೆಯ ತುಂಬ ಸೀಮೆಸುಣ್ಣದ ಬೆರಳಚ್ಚು.

"ಅದಾ? ಆಸ್ಪತ್ರೆ ಪ್ರೋಗ್ರಾಮು. ನಾನು ಓದೋದು" ಎಂದರು. "ಸಂಜೆ ಕೂತು ಒಂದೊಂದೇ ಅಕ್ಷರ ಓದ್ತೀನಿ, ಅವರು ಕಣ್ಣು ಮುಚ್ಚಿಕೊಂಡು ಕೇಳ್ತಾರೆ. ಎಲ್ಲಿ ಏನು ಬದಲಾಯಿಸ್ಬೇಕು ಅಂತ ಹೇಳ್ತಾರೆ. ಬೆಳಗ್ಗೆ ಹೋಗಿ ಕೀಲಿ ಒತ್ತೋಕೆ ಬೆರಳಿಗೆ ಕಣ್ಣು ಬೇಕಿಲ್ಲವಲ್ಲ. ಅರ್ಥ ಒಂದೂ ಆಗಲ್ಲ ನನಗೆ. ಚುಕ್ಕಿ ಎಲ್ಲಿ ಬಿಟ್ಟಿದೆ ಅನ್ನೋದು ಮಾತ್ರ ಗೊತ್ತಾಗುತ್ತೆ. ತೋಳಿಗೆ ಗುಂಡಿ ಹಾಕೋದು ಮರೆತ ಹಾಗೆ ಕಾಣುತ್ತೆ."

ಮೆಷಿನ್ನಿನ ಚಕ್ರವನ್ನು ಕೈಯಿಂದ ನಿಲ್ಲಿಸಿದರು. "ಒಂದು ವರ್ಷದಿಂದ ಹೀಗೆ. ದಿಟ್ಟಿಸಿ ನೋಡಿದ್ದು ಕಾಣಲ್ಲ, ಪಕ್ಕದ್ದು ಕಾಣುತ್ತೆ. ನಟ್ಟನಡುವೆ ಮಸಿ ಹಚ್ಚಿದ ಹಾಗೆ ಅಂತಾರೆ. ಔಷಧಿಯಿಂದ ನಿಲ್ಲಿಸಬಹುದಾಗಿದ್ದ ಹೊತ್ತು ದಾಟಿದೆ ಅಂದ್ರು ಡಾಕ್ಟರು. ಇರೋ ದೃಷ್ಟಿಯೂ ಇನ್ನು ಆರು ತಿಂಗಳೋ ಎಂಟು ತಿಂಗಳೋ. ಎರಡು ವರ್ಷ ಎಲ್ಲಿಂದ ಬರುತ್ತೆ? ಅಷ್ಟರಲ್ಲಿ ಒಬ್ಬರಿಗಾದ್ರೂ ಕೈಗೆ ಹಚ್ಚಬೇಕು ಅಂತಾನೇ ಈ ವರ್ಷ ಆ ಡಬ್ಬ ಇಟ್ಟಿದ್ದು, ತಾವೂ ಗುಂಡಿ ಕೇಳಿದ್ದು."

ಆಮೇಲೆ ಅವರು ಪೆಟ್ಟಿಗೆಯಿಂದ ಆ ಕಪ್ಪು ಗುಂಡಿ ತೆಗೆದು ತೋರಿಸಿದರು. ಅಂಚು ಒಂದು ಕಡೆ ಒಡೆದಿತ್ತು. "ಅವರದೇ ಹಳೇ ಕೋಟಿಂದು. ಬೇರೆ ಯಾರಿಗೂ ಇಂಥದ್ದು ಕೊಟ್ಟಿಲ್ಲ ನಾನು. ಇದು ಎರಡನೇ ಡಬ್ಬದಲ್ಲಿ ಸಿಕ್ಕಿತು. ಹೊಸದರಲ್ಲಿ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ಅವತ್ತು ನಾನು ಬಾಯಿ ಬಿಡಬಹುದಿತ್ತು. ಇದು ತಪ್ಪಿ ಬಿದ್ದಿದೆ ಅನ್ನಬಹುದಿತ್ತು. ಯಾಕೆ ತಪ್ಪಿತು ಅಂತ ಕೇಳ್ತಾರಲ್ಲ? ಅವರು ಹೇಳದೆ ಇದ್ದದ್ದನ್ನ ಇಪ್ಪತ್ತು ಜನರ ಮುಂದೆ ನಾನು ಹೇಗೆ ಹೇಳಲಿ? ಹನ್ನೊಂದು ಅಂದೆ. ಮನೆಗೆ ಬಂದ ಮೇಲೂ ನಾನು ಎತ್ತಿಲ್ಲ, ಅವರೂ ಎತ್ತಿಲ್ಲ. ಅನ್ನ ಹಾಕಿದೆ, ಉಂಡ್ರು."

ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಅವರು ತಲೆ ಅಲ್ಲಾಡಿಸಿದರು.

"ಬರೀರಿ. ನಾನು ಹೇಳಿದ್ರೆ ಮನೆ ಮಾತು ಬೀದಿಗೆ ಬಿತ್ತು ಅಂತಾರೆ. ಅವರಂತೂ ಹೇಳಲ್ಲ. ನಿಮ್ಮ ಪತ್ರಿಕೆ ಆ ಮಕ್ಕಳೆಲ್ಲ ಓದ್ತಾರೆ ತಾನೆ? ಯಾರಿಗಾದ್ರೂ ಮನಸ್ಸು ಬಂದ್ರೆ ಬರಲಿ. ಪಾಪ ಅಂತ ಬಂದ್ರೂ ಬರಲಿ, ನನಗೇನು ಅಷ್ಟು ಬಿಗುಮಾನ ಇಲ್ಲ."

"ಅವರು ಓದಿದರೆ?"

"ಅವರಿಗೆ ಓದಿ ಹೇಳೋಳು ನಾನೇ ಅಲ್ವಾ" ಎಂದರು ಅಕ್ಕ. "ಇಲ್ಲಿಂದ ಮುಂದಿನದನ್ನ ಬಿಟ್ಟು ಓದ್ತೀನಿ."

ಚುಕ್ಕಿ ಸಾರ್ ಬಂದಾಗ ಸಂಜೆ ಐದಾಗಿತ್ತು. ಬಾಗಿಲ ಚೌಕಟ್ಟು ಮುಟ್ಟಿಕೊಂಡು ಒಳಗೆ ಬಂದರು. "ರೀ, ಪತ್ರಿಕೆಯೋರು ಬಂದಿದಾರೆ, ನಿಮ್ಮ ಎಡಗಡೆ" ಎಂದು ಅಕ್ಕ ಸಹಜವಾಗಿ ಹೇಳಿದರು. ಅವರು ಎಡಕ್ಕೆ ತಿರುಗಿ ನಕ್ಕರು. ಫೋಟೋದಲ್ಲಿ ಅವರ ನೋಟ ಸ್ವಲ್ಪ ಪಕ್ಕಕ್ಕೆ ಬಿದ್ದಿದೆ. ಹಾಗೆ ನೋಡಿದರೆ ಮಾತ್ರ ಎದುರಿಗಿರುವವರು ಕಾಣುತ್ತಾರೆ ಅನ್ನುವುದು ನನಗೆ ಆಗ ಗೊತ್ತಿತ್ತು.

ಈ ಬರಹ ಅಚ್ಚಿಗೆ ಹೋಗುವ ಮುನ್ನ ಹೊಸ ವಿಷಯದ ಮೊದಲ ಪಾಠ ನಡೆದಿದೆ. ಹತ್ತೊಂಬತ್ತು ಜನ ಬಂದಿದ್ದರು. ಐದೂಮುಕ್ಕಾಲಿಗೆ ಬೀಗ ತೆಗೆದವರು, ಕುರ್ಚಿ ಬಿಡಿಸಿದವರು, ಬೋರ್ಡು ಒರೆಸಿದವರು ಅವರೇ. ಬೋರ್ಡಿನ ಒಂದು ಮೂಲೆಯಲ್ಲಿ ಹಿಂದಿನ ಸಲದ ಅಂಕಿಗಳು ಹಾಗೇ ಉಳಿದಿದ್ದವು: ಹತ್ತು, ಹನ್ನೊಂದು. ಅವರು ಹಿಂದಿನ ಸಾಲಿನಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ಕೂತರು. ಟಿಕೆಟ್ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿದಳು. ಯಂತ್ರ ಬರೆದುಕೊಟ್ಟ ಒಂದು ಪ್ರೋಗ್ರಾಮಿನಲ್ಲಿ ತಪ್ಪು ಎಲ್ಲಿದೆ ಎಂದು ಅವಳು ಕೇಳಿದಾಗ ಯಾರಿಗೂ ಹೊಳೆಯಲಿಲ್ಲ. ಹಿಂದಿನಿಂದ ಚುಕ್ಕಿ ಸಾರ್, "ನಾಲ್ಕನೇ ಸಾಲು ಇನ್ನೊಂದ್ಸಲ ಓದಮ್ಮ" ಎಂದರು. ಅವಳು ಓದಿದಳು. ತಪ್ಪು ಅಲ್ಲೇ ಇತ್ತು.

ಮೆಟ್ಟಿಲಿಳಿಯುವಾಗ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಇಂಥ ಬರಹಗಳಿಗೆ ಕೊನೆಗೆ ಕೇಳುವ ಪ್ರಶ್ನೆ. ಅವರು ಗೋಡೆಯ ಮೇಲೆ ಕೈಯಿಟ್ಟು ನಿಂತು ಮುಖ ಮೇಲೆತ್ತಿದರು.

"ಈ ಬಲ್ಬು ಬದಲಾಯಿಸ್ಬೇಕು. ದೊಡ್ಡದು ಹಾಕಿಸ್ಬೇಕು. ಹುಡುಗ್ರು ಹತ್ತಿ ಇಳಿಯೋ ಜಾಗ."

ಆ ಗುಂಡಿ ತಮ್ಮದೆಂದು, ಅದು ಇನ್ನೊಂದು ಡಬ್ಬಕ್ಕೆ ಬೀಳಬೇಕಿತ್ತೆಂದು, ತಮಗೆ ಕಣ್ಣು ಕಾಣಿಸುತ್ತಿಲ್ಲವೆಂದು ಅವರು ಕೂಟದ ಯಾರಿಗೂ ಹೇಳಲಿಲ್ಲ.